ಓದುಗರ ಪ್ರಶ್ನೆ, ನಮ್ಮ ಉತ್ತರ: ಡೆಬಿಯನ್ ಪ್ಯಾಕೇಜಿನ ಬಿಲ್ಡ್ ಸ್ಕ್ರಿಪ್ಟು, ಕೈಪಿಡಿ, ಪ್ಯಾಚು

ಲಿನಕ್ಸ್ ಆಧರಿಸಿದ ಕಾರ್ಯಾಚರಣ ವ್ಯವಸ್ಥೆ ಡೆಬಿಯನ್. ಅದರ ಪ್ಯಾಕೇಜುಗಳನ್ನು (ಇನ್‌ಸ್ಟಾಲ್ ಮಾಡಲು ಸಿದ್ಧವಾದ ತಂತ್ರಾಂಶದ ಕಟ್ಟುಗಳನ್ನು) ನೋಡಿಕೊಳ್ಳುವವರು, ಹೊಸದಾಗಿ ಆ ಕೆಲಸಕ್ಕೆ ಇಳಿದವರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ಸೋರ್ಸಿನಿಂದ, ಅಂದರೆ ಮೂಲ ಕೋಡಿನಿಂದ, ಪ್ಯಾಕೇಜು ತಯಾರಿಸುವುದೇ ಬಿಲ್ಡ್. ಸೋರ್ಸಿಗೆ ಹಾಕುವ ತಿದ್ದುಪಡಿಯ ಕಡತವೇ ಪ್ಯಾಚು. ಉತ್ತರಗಳಲ್ಲಿ 'ಡೆಬಿಯನ್ ಫೋಲ್ಡರು' ಅಂದಾಗಲೆಲ್ಲ ಸೋರ್ಸಿನ ಒಳಗೆ ಅದೇ ಹೆಸರಿನಲ್ಲಿರುವ ಫೋಲ್ಡರು ಎಂದು ತಿಳಿಯಿರಿ. ಬಿಲ್ಡ್‌ಗೆ ಏನೇನು ಬೇಕೆಂದು ಹೇಳುವ 'ಕಂಟ್ರೋಲ್', ಹೇಗೆ ಮಾಡಬೇಕೆಂದು ಹೇಳುವ 'ರೂಲ್ಸ್', ಏನು ಬದಲಾಯಿತೆಂದು ಹೇಳುವ 'ಚೇಂಜ್‌ಲಾಗ್' ಎಂಬ ಕಡತಗಳು ಅದರಲ್ಲೇ ಇರುತ್ತವೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಪ್ಯಾಕೇಜು ಸಲೀಸಾಗಿ ಬಿಲ್ಡ್ ಆಗುತ್ತದೆ. ಬಿಲ್ಡ್ ಸರ್ವರಿನಲ್ಲಿ ಮಾತ್ರ 'ಎಕ್ಸ್‌ಎಸ್‌ಎಲ್‌ಟಿ‌ಪ್ರೋಕ್: ಕಮಾಂಡ್ ಸಿಗಲಿಲ್ಲ' ಎಂದು ನಿಂತುಬಿಡುತ್ತದೆ. ಎರಡೂ ಕಡೆ ಒಂದೇ ಸೋರ್ಸು. ಹೀಗೇಕೆ?
— ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎಂದೋ ಯಾವುದಕ್ಕೋ ಹಾಕಿಕೊಂಡ, ಎಕ್ಸ್‌ಎಂಎಲ್ ಕಡತವನ್ನು ಬೇರೆ ರೂಪಕ್ಕೆ ತಿರುಗಿಸುವ ಉಪಕರಣವಾದ ಎಕ್ಸ್‌ಎಸ್‌ಎಲ್‌ಟಿ‌ಪ್ರೋಕ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದುಕೊಂಡಿದೆ. ಸರ್ವರು ಪ್ರತಿ ಸಲ ಖಾಲಿ ವ್ಯವಸ್ಥೆಯಿಂದ ಶುರುಮಾಡುತ್ತದೆ. ಸಿ ಮತ್ತು ಸಿ++ ಕಂಪೈಲರು, ಮೇಕ್, ಸಿ ಲೈಬ್ರರಿಯ ಹೆಡರುಗಳು, ಪ್ಯಾಕೇಜು ಕಟ್ಟುವ ಉಪಕರಣಗಳಿರುವ ಡಿಪಿಕೆಜಿ-ಡೆವ್ ಇವಿಷ್ಟು 'ಬಿಲ್ಡ್-ಎಸೆನ್ಷಿಯಲ್' ಹೆಸರಿನಲ್ಲಿ ಮೊದಲೇ ಬಂದಿರುತ್ತವೆ. ಉಳಿದದ್ದೆಲ್ಲ ಕಂಟ್ರೋಲ್ ಕಡತದ 'ಬಿಲ್ಡ್-ಡಿಪೆಂಡ್ಸ್' ಸಾಲಿನಲ್ಲಿ ಇದ್ದರೆ ಮಾತ್ರ ಬರುತ್ತದೆ.

ನಿಮ್ಮ ವಿಷಯದಲ್ಲಿ ಎಕ್ಸ್‌ಎಸ್‌ಎಲ್‌ಟಿ‌ಪ್ರೋಕ್ ಒಂದನ್ನೇ ಸೇರಿಸಿದರೆ ಸಾಲದು. ಅದು ಡಾಕ್‌ಬುಕ್ (ಎಕ್ಸ್‌ಎಂಎಲ್‌ನಲ್ಲಿ ಕೈಪಿಡಿ ಬರೆಯುವ ಕ್ರಮ) ಕಡತದಿಂದ ಮ್ಯಾನ್ ಪುಟ ('ಮ್ಯಾನ್' ಕಮಾಂಡು ತೋರಿಸುವ ಕೈಪಿಡಿ ಪುಟ) ತಯಾರಿಸುತ್ತಿರಬೇಕು. ಹಾಗಿದ್ದರೆ, ಹೇಗೆ ತಿರುಗಿಸಬೇಕೆಂದು ಹೇಳುವ ಸ್ಟೈಲ್‌ಶೀಟಿನ ವಿಳಾಸವನ್ನು ಒಂದು ವೆಬ್ ವಿಳಾಸವಾಗಿ ಬರೆದಿರುತ್ತಾರೆ. 'ಡಾಕ್‌ಬುಕ್-ಎಕ್ಸ್‌ಎಸ್‌ಎಲ್' ಪ್ಯಾಕೇಜು ಇದ್ದರೆ ಎಕ್ಸ್‌ಎಂಎಲ್ ಕೆಟಲಾಗು ಆ ವಿಳಾಸವನ್ನು ಡಿಸ್ಕಿನಲ್ಲಿರುವ ಪ್ರತಿಯ ಕಡೆಗೆ ತಿರುಗಿಸುತ್ತದೆ. ಇಲ್ಲದಿದ್ದರೆ ಉಪಕರಣ ಇಂಟರ್ನೆಟ್ಟಿಗೆ ಹೋಗಲು ನೋಡುತ್ತದೆ, ಸರ್ವರಿನಲ್ಲಿ ಇಂಟರ್ನೆಟ್ ಇರುವುದಿಲ್ಲ. ಎರಡನ್ನೂ ಬರೆಯಿರಿ.

ಕಮಾಂಡೇ ಸಿಗದೆ ನಿಲ್ಲುವ ಬಿಲ್ಡ್ ಅಷ್ಟು ಅಪಾಯದ್ದಲ್ಲ, ತಪ್ಪು ಕಣ್ಣಿಗೆ ಬೀಳುತ್ತದೆ. ಹೆದರಬೇಕಾದದ್ದು ಸದ್ದಿಲ್ಲದೆ ಮುಗಿಯುವ ಬಿಲ್ಡ್‌ಗೆ. ಯಂತ್ರದಲ್ಲಿ ಏನೇನಿದೆ ಎಂದು ಮೊದಲು ನೋಡುವ ಕಾನ್ಫಿಗರ್ ಸ್ಕ್ರಿಪ್ಟು ಯಾವುದೋ ಲೈಬ್ರರಿ ಹುಡುಕುತ್ತದೆ, ಸಿಗದಿದ್ದರೆ 'ಇಲ್ಲ' ಎಂದು ಒಂದು ಸಾಲು ಬರೆದು ಆ ಸೌಲಭ್ಯ ಬಿಟ್ಟು ಮುಂದಕ್ಕೆ ಹೋಗುತ್ತದೆ. ಪ್ಯಾಕೇಜು ತಯಾರಾಗುತ್ತದೆ, ಬಳಕೆದಾರರಿಗೆ ಹೋಗುತ್ತದೆ, ಪಿಎನ್‌ಜಿ ಚಿತ್ರ ತೆರೆಯುವುದಿಲ್ಲ ಎಂಬ ದೂರು ತಿಂಗಳ ಮೇಲೆ ಬರುತ್ತದೆ. ಇದಕ್ಕೆ ಮದ್ದು ಇಷ್ಟೇ: ರೂಲ್ಸ್ ಕಡತದಲ್ಲಿ 'ಓವರ್‌ರೈಡ್_ಡಿಎಚ್_ಆಟೋ_ಕಾನ್ಫಿಗರ್' ಬರೆದು, ನಿಮಗೆ ಬೇಕಾದ ಪ್ರತಿ ಸೌಲಭ್ಯವನ್ನೂ 'ಎನೇಬಲ್' ಎಂದೂ ಬೇಡದ್ದನ್ನು 'ಡಿಸೇಬಲ್' ಎಂದೂ ಹೆಸರು ಹಿಡಿದು ಹೇಳಿ. ಆಗ ಲೈಬ್ರರಿ ಸಿಗದಿದ್ದರೆ ಬಿಲ್ಡ್ ಅಲ್ಲೇ ಮುರಿಯುತ್ತದೆ. ಮುರಿಯಲೇಬೇಕು.

ದಿನನಿತ್ಯದ ಅಭ್ಯಾಸ ಹೀಗಿರಲಿ. ಖಾಲಿ ವ್ಯವಸ್ಥೆಯೊಳಗೆ ಬಿಲ್ಡ್ ಮಾಡುವ 'ಎಸ್‌ಬಿಲ್ಡ್', ಆ ವ್ಯವಸ್ಥೆಯನ್ನು ಕಟ್ಟಿಕೊಡುವ 'ಎಂಎಂಡೆಬ್‌ಸ್ಟ್ರ್ಯಾಪ್' ಎರಡನ್ನೂ ಹಾಕಿಕೊಳ್ಳಿ. ಅನ್‌ಸ್ಟೇಬಲ್ (ಹೊಸ ಪ್ಯಾಕೇಜುಗಳು ಮೊದಲು ಬರುವ) ಶಾಖೆಯ, 'ಬಿಲ್ಡ್‌ಡಿ' (ಬಿಲ್ಡ್ ಸರ್ವರಿನ) ಮಾದರಿಯ ಖಾಲಿ ವ್ಯವಸ್ಥೆಯೊಂದನ್ನು ತಯಾರಿಸಿಟ್ಟುಕೊಳ್ಳಿ. ಅಪ್‌ಲೋಡ್ ಮಾಡುವ ಪ್ರತಿಯೊಂದನ್ನೂ ಅದರೊಳಗೇ ಬಿಲ್ಡ್ ಮಾಡಿ. ಕೊನೆಗೆ ಹಳೆಯ ಡೆಬ್ ಕಡತವನ್ನೂ (ತಯಾರಾದ ಪ್ಯಾಕೇಜನ್ನೂ) ಹೊಸದನ್ನೂ 'ಡೆಬ್‌ಡಿಫ್'ಗೆ ಕೊಟ್ಟು ಯಾವ ಕಡತ ಕಾಣೆಯಾಯಿತು, ಯಾವ ಅವಲಂಬನೆ ಬಿಟ್ಟುಹೋಯಿತು ನೋಡಿ. ಹಳೆಯದರಲ್ಲಿದ್ದ ಒಂದು ಲೈಬ್ರರಿ ಹೆಸರು ಹೊಸದರಲ್ಲಿ ಇಲ್ಲವೆಂದರೆ ಮೇಲೆ ಹೇಳಿದ ಸದ್ದಿಲ್ಲದ ತಪ್ಪೇ ನಡೆದಿರುವ ಸಂಭವ ಹೆಚ್ಚು.

ಪ್ರಶ್ನೆ: ರೂಲ್ಸ್ ಕಡತದಲ್ಲಿ ಎರಡೇ ಸಾಲು ಸೇರಿಸಿದೆ. 'ಮಿಸ್ಸಿಂಗ್ ಸೆಪರೇಟರ್' ಎನ್ನುತ್ತದೆ. ಸಾಲಿನಲ್ಲಿ ತಪ್ಪೇನೂ ಕಾಣುತ್ತಿಲ್ಲ.
— ಧಾರವಾಡದ ಓದುಗರು

ಉತ್ತರ: ಕಾಣದ್ದೇ ತಪ್ಪು. ರೂಲ್ಸ್ ಒಂದು ಮೇಕ್‌ಫೈಲು, ಅಂದರೆ 'ಮೇಕ್' ಉಪಕರಣ ಓದಿ ನಡೆಸುವ ಕಡತ. ಗುರಿಯ (ಆಗಬೇಕಾದ ಕೆಲಸದ ಹೆಸರಿನ) ಕೆಳಗಿನ ಪ್ರತಿ ಕಮಾಂಡು ಸಾಲು ಟ್ಯಾಬಿನಿಂದಲೇ ಶುರುವಾಗಬೇಕು. ನಿಮ್ಮ ಎಡಿಟರು ಟ್ಯಾಬನ್ನು ಎಂಟು ಸ್ಪೇಸಾಗಿ ಬದಲಿಸಿದೆ. 'ಕ್ಯಾಟ್ -ಎ' ಕಮಾಂಡಿನಲ್ಲಿ ದೊಡ್ಡ ಎ ಕೊಟ್ಟು ತೆರೆದರೆ ಟ್ಯಾಬ್ ಇರುವಲ್ಲಿ ಮೇಲ್ಮುಖ ಬಾಣದ ಜೊತೆ ಐ ಅಕ್ಷರ ಕಾಣುತ್ತದೆ, ಸ್ಪೇಸು ಸ್ಪೇಸಾಗಿಯೇ ಇರುತ್ತದೆ.

ಇದರ ಜೊತೆಗೇ ಎಡವುವ ಇನ್ನೆರಡು ಕಡೆ ಹೇಳಿಬಿಡುತ್ತೇವೆ. ಪ್ರತಿ ಸಾಲೂ ಬೇರೆ ಶೆಲ್ಲಿನಲ್ಲಿ ಓಡುತ್ತದೆ. ಮೇಲಿನ ಸಾಲಿನಲ್ಲಿ 'ಸಿಡಿ ಡಾಕ್ಸ್' ಎಂದು ಫೋಲ್ಡರಿಗೆ ಹೋದದ್ದು ಕೆಳಗಿನ ಸಾಲಿಗೆ ತಿಳಿಯುವುದಿಲ್ಲ, ಎರಡನ್ನೂ && ಹಾಕಿ ಒಂದೇ ಸಾಲಾಗಿಸಿ. ಶೆಲ್ಲಿನ ವೇರಿಯಬಲ್ ಬೇಕಿದ್ದರೆ $ ಒಂದಲ್ಲ, $$ ಎರಡು ಬರೆಯಬೇಕು.

ಪ್ರಶ್ನೆ: ನಮ್ಮ ಪೈಥಾನ್ ಲೈಬ್ರರಿಯ ಕೈಪಿಡಿಯನ್ನು ಸ್ಫಿಂಕ್ಸ್‌ನಿಂದ ತಯಾರಿಸುತ್ತೇವೆ. ಬಿಲ್ಡ್ ಸರ್ವರಿನಲ್ಲಿ ಪೈಥಾನ್ ತಾಣದಿಂದ ಏನನ್ನೋ ತರಲು ಹೋಗಿ ಸೋಲುತ್ತದೆ. ಕೈಪಿಡಿಯನ್ನೇ ಪ್ಯಾಕೇಜಿನಿಂದ ಬಿಟ್ಟುಬಿಡಬಹುದೆ?
— ತಂತ್ರಾಂಶ ಎಂಜಿನಿಯರ್, ಬೆಂಗಳೂರು

ಉತ್ತರ: ಬಿಡಬೇಡಿ. ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿಗೆ ಡಿಸ್ಕಿನಲ್ಲಿರುವ ಕೈಪಿಡಿಯೇ ಗುರು.

ಬಿಲ್ಡ್ ನಡೆಯುವಾಗ ಹೊರಗಿನ ನೆಟ್‌ವರ್ಕ್ ಮುಟ್ಟಬಾರದು ಎಂಬುದು ಡೆಬಿಯನ್ ಪಾಲಿಸಿಯ ನಿಯಮ. ನಿಮ್ಮ ಕೈಪಿಡಿ ಮುಟ್ಟುತ್ತಿರುವುದು 'ಇಂಟರ್‌ಸ್ಫಿಂಕ್ಸ್' ಎಂಬ ವಿಸ್ತರಣೆಯಿಂದ. ನಿಮ್ಮ ಪುಟದಲ್ಲಿ ಪೈಥಾನಿನ ಯಾವುದೋ ಕ್ಲಾಸಿನ ಹೆಸರು ಬಂದರೆ ಅದಕ್ಕೆ ಕೊಂಡಿ ಹಾಕಲು 'ಆಬ್ಜೆಕ್ಟ್ಸ್.ಇನ್ವ್' ಎಂಬ ಪಟ್ಟಿ ಬೇಕು, ಅದನ್ನು ತರಲು ಆ ವಿಸ್ತರಣೆ ಹೊರಗೆ ಹೋಗುತ್ತದೆ. ಅದೇ ಪಟ್ಟಿ 'ಪೈಥಾನ್3-ಡಾಕ್' ಪ್ಯಾಕೇಜಿನಲ್ಲಿದೆ. ಅದನ್ನು ಬಿಲ್ಡ್ ಅವಲಂಬನೆಗೆ ಸೇರಿಸಿ, ಸ್ಫಿಂಕ್ಸ್‌ನ ಕಾನ್ಫ್ ಕಡತದಲ್ಲಿ ಪಟ್ಟಿಯ ಜಾಗವನ್ನು ಡಿಸ್ಕಿನ ವಿಳಾಸಕ್ಕೆ ಬದಲಿಸುವ ಸಣ್ಣ ಪ್ಯಾಚು ಇಡಿ. ಕೊಂಡಿಗಳೂ ಉಳಿಯುತ್ತವೆ, ನೆಟ್‌ವರ್ಕೂ ಬೇಕಾಗುವುದಿಲ್ಲ.

ಕೈಪಿಡಿಯನ್ನು '-ಡಾಕ್' ಎಂದು ಕೊನೆಯಾಗುವ ಬೇರೆ ಪ್ಯಾಕೇಜು ಮಾಡಿ, ಅದರ ಆರ್ಕಿಟೆಕ್ಚರ್ 'ಆಲ್' ಎಂದಿರಲಿ. ಸ್ಫಿಂಕ್ಸನ್ನು ಬಿಲ್ಡ್-ಡಿಪೆಂಡ್ಸ್‌ನಲ್ಲಿ ಅಲ್ಲ, 'ಬಿಲ್ಡ್-ಡಿಪೆಂಡ್ಸ್-ಇಂಡೆಪ್' ಸಾಲಿನಲ್ಲಿ ಇಡಿ. ಇದರ ಲಾಭ ದೊಡ್ಡದು: ಎಎಂಡಿ64, ಆರ್ಮ್64, ರಿಸ್ಕ್‌ವಿ64 ಎಂದು ಪ್ರತಿ ಪ್ರೊಸೆಸರಿಗೂ ಕೈಪಿಡಿಯನ್ನು ಮತ್ತೆ ಮತ್ತೆ ತಯಾರಿಸದೆ, ಒಂದೇ ಸಲ ತಯಾರಿಸಿದರೆ ಎಲ್ಲರಿಗೂ ಆಗುತ್ತದೆ. ಅವಲಂಬನೆಯ ಮುಂದೆ '<!ನೋಡಾಕ್>' ಎಂದು ಸೇರಿಸಿದರೆ ಹೊಸ ಪ್ರೊಸೆಸರಿಗೆ ಡೆಬಿಯನ್ ತರುವವರು ಕೈಪಿಡಿ ಬಿಟ್ಟು ಬಿಲ್ಡ್ ಮಾಡಬಹುದು. ರೂಲ್ಸ್‌ನಲ್ಲಿ ಬಿಲ್ಡ್ ಹೆಜ್ಜೆಗಳನ್ನು ನಡೆಸುವ 'ಡಿಎಚ್' ಸಾಲಿಗೆ 'ವಿತ್ ಸ್ಫಿಂಕ್ಸ್‌ಡಾಕ್' ಸೇರಿಸುವುದನ್ನು ಮರೆಯಬೇಡಿ. ಪ್ರತಿ ಕೈಪಿಡಿಯೂ ತನ್ನದೇ ಜಾವಾಸ್ಕ್ರಿಪ್ಟ್ ಪ್ರತಿ ಹೊತ್ತು ತಿರುಗುವುದನ್ನು ಅದು ತಪ್ಪಿಸಿ, ಎಲ್ಲರಿಗೂ ಸೇರಿದ ಪ್ರತಿಯ ಕಡೆಗೆ ಕೊಂಡಿ ಹಾಕುತ್ತದೆ.

ಥೀಮ್ ಕಡೆಗೂ ಕಣ್ಣಿರಲಿ. ಪುಟ ತೆರೆದ ಕೂಡಲೇ ಹೊರಗಿನ ಸರ್ವರಿನಿಂದ ಫಾಂಟು ಅಥವಾ ಲೋಗೋ ತರುವ ಥೀಮುಗಳಿವೆ. ತನ್ನ ಡಿಸ್ಕಿನ ಕಡತ ಓದುತ್ತಿದ್ದೇನೆ ಎಂದುಕೊಂಡವರ ಓದು ಹೊರಗಿನವರಿಗೆ ತಿಳಿಯುತ್ತದೆ. ಪ್ಯಾಕೇಜಿನ ತಪ್ಪು ಹುಡುಕುವ ಉಪಕರಣ ಲಿಂಟಿಯನ್ ಇದನ್ನು 'ಪ್ರೈವಸಿ ಬ್ರೀಚ್' ಎಂದು ಗುರುತಿಸುತ್ತದೆ. ಆ ಎಚ್ಚರಿಕೆಯನ್ನು ಮುಚ್ಚಿಡದೆ ಕೊಂಡಿಯನ್ನೇ ತೆಗೆಯಿರಿ.

ಇನ್ನೊಂದು ಮಾತು. '/ಯುಎಸ್‌ಆರ್/ಶೇರ್/ಡಾಕ್' ಒಳಗಿನ ಯಾವ ಕಡತವೂ ಪ್ರೋಗ್ರಾಮು ಓಡಲು ಬೇಕಾಗುವಂತೆ ಇರಬಾರದು. ಡೆಬಿಯನ್ನಿನ 'ಸ್ಲಿಮ್' ಕಂಟೇನರ್ ಇಮೇಜುಗಳಲ್ಲಿ (ಗಾತ್ರ ಇಳಿಸಿ ಕಟ್ಟಿದ ಪುಟ್ಟ ವ್ಯವಸ್ಥೆಗಳಲ್ಲಿ) ಆ ಫೋಲ್ಡರಿನ ಬಹುಪಾಲು ಕಡತಗಳು ಇನ್‌ಸ್ಟಾಲೇ ಆಗುವುದಿಲ್ಲ. ಪ್ರೋಗ್ರಾಮು ತನ್ನ ಸಹಾಯದ ಪಠ್ಯವನ್ನೋ ಮಾದರಿ ಸೆಟ್ಟಿಂಗನ್ನೋ ಅಲ್ಲಿಂದ ಓದುತ್ತಿದ್ದರೆ ಕಂಟೇನರಿನಲ್ಲಿ ಬೀಳುತ್ತದೆ. ಅಂಥ ಕಡತದ ಜಾಗ '/ಯುಎಸ್‌ಆರ್/ಶೇರ್' ಕೆಳಗೆ ಪ್ಯಾಕೇಜಿನ ಹೆಸರಿನ ಫೋಲ್ಡರು.

ಪ್ರಶ್ನೆ: 'ಹೆಲ್ಪ್2ಮ್ಯಾನ್' ಬಳಸಿ ಮ್ಯಾನ್ ಪುಟ ಮಾಡಿದರೆ ಸಾಕೆ? ಅದನ್ನು ಕನ್ನಡಕ್ಕೆ ಅನುವಾದಿಸಿದರೆ ಪ್ಯಾಕೇಜಿನಲ್ಲಿ ಎಲ್ಲಿ ಇಡಬೇಕು?
— ಕನ್ನಡ ಅನುವಾದ ತಂಡದ ಸದಸ್ಯೆ, ಮೈಸೂರು

ಉತ್ತರ: ಹೆಲ್ಪ್2ಮ್ಯಾನ್ ಪ್ರೋಗ್ರಾಮನ್ನು ಓಡಿಸಿ, ಅದು ಕೊಡುವ ಸಹಾಯದ ಪಠ್ಯದಿಂದ ಪುಟ ಕಟ್ಟುತ್ತದೆ. ಎಎಂಡಿ64 ಯಂತ್ರದಲ್ಲಿ ಆರ್ಮ್‌ಗಾಗಿ ಬಿಲ್ಡ್ ಮಾಡುವಾಗ ಆ ಪ್ರೋಗ್ರಾಮು ಓಡುವುದೇ ಇಲ್ಲ, ಅಲ್ಲಿಗೆ ಬಿಲ್ಡ್ ನಿಲ್ಲುತ್ತದೆ. ಅದೂ ಅಲ್ಲದೆ ಆಯ್ಕೆಗಳ ಪಟ್ಟಿ ಸಿಗುತ್ತದೆಯೇ ಹೊರತು ಪ್ರೋಗ್ರಾಮು ಮುಗಿಯುವಾಗ ಕೊಡುವ ನಿಷ್ಕ್ರಮಣ ಸಂಕೇತ 1 ಅಂದರೇನು, 2 ಅಂದರೇನು, ಯಾವ ಸೆಟ್ಟಿಂಗ್ ಕಡತವನ್ನು ಮೊದಲು ಓದುತ್ತದೆ ಎಂಬುದು ಸಿಗುವುದಿಲ್ಲ. ಸ್ಕ್ರಿಪ್ಟು ಬರೆಯುವವರಿಗೆ ಬೇಕಾದದ್ದು ಅದೇ. ಮ್ಯಾನ್ ಪುಟಗಳಲ್ಲಿ ಸಾಮಾನ್ಯ ಪ್ರೋಗ್ರಾಮಿಗೆ ವಿಭಾಗ 1, ಆಡಳಿತದ್ದಕ್ಕೆ 8, ಕಡತದ ಸ್ವರೂಪಕ್ಕೆ 5. ಕೈಯಾರೆ ಬರೆಯುವುದೇ ಮೇಲು.

ಎರಡು ಕಡೆ ಜೋಪಾನ. 'ನೇಮ್' ಭಾಗ ಒಂದೇ ಸಾಲಿನಲ್ಲಿರಬೇಕು: ಹೆಸರು, ಸ್ಪೇಸು, \-, ಸ್ಪೇಸು, ಚುಟುಕು ವಿವರ. ಈ ಕ್ರಮ ತಪ್ಪಿದರೆ 'ಅಪ್ರೊಪೋ' ಹುಡುಕಾಟದಲ್ಲಿ ನಿಮ್ಮ ಪುಟ ಸಿಗುವುದೇ ಇಲ್ಲ. ಎರಡನೆಯದು ಆಯ್ಕೆಗಳ ಮುಂದಿನ ಗೆರೆ. ಅದನ್ನು ಬರೀ - ಎಂದು ಬರೆಯದೆ \- ಎಂದು ಬರೆಯಿರಿ. ಬರೀ ಗೆರೆಯನ್ನು, ಮ್ಯಾನ್ ಪುಟವನ್ನು ಓದುವ ರೂಪಕ್ಕೆ ತರುವ 'ಗ್ರಾಫ್' ತಂತ್ರಾಂಶ, ಪದ ಜೋಡಿಸುವ ಹೈಫನ್ ಎಂದು ತಿಳಿದು ಬೇರೆಯೇ ಯೂನಿಕೋಡ್ ಚಿಹ್ನೆ ಇಡಬಹುದು. ಪುಟದಿಂದ ನಕಲಿಸಿ ಟರ್ಮಿನಲ್ಲಿಗೆ ಅಂಟಿಸಿದ ಕಮಾಂಡು ಆಗ ಓಡುವುದಿಲ್ಲ, ಕಣ್ಣಿಗೆ ವ್ಯತ್ಯಾಸವೂ ಕಾಣುವುದಿಲ್ಲ. ಡೆಬಿಯನ್ನಿನ ಸೆಟ್ಟಿಂಗು ಇದನ್ನು ಸರಿಪಡಿಸಿಯೇ ತೋರಿಸುತ್ತದೆ, ಆದ್ದರಿಂದ ನಿಮ್ಮ ಯಂತ್ರದಲ್ಲಿ ಸರಿ ಕಂಡಿತೆಂದು ನಂಬಬೇಡಿ.

ಕನ್ನಡ ಪುಟದ ಜಾಗ '/ಯುಎಸ್‌ಆರ್/ಶೇರ್/ಮ್ಯಾನ್/ಕೆಎನ್/ಮ್ಯಾನ್1'. ಅನುವಾದವನ್ನು ಇಡೀ ಪುಟವಾಗಿ ಇಟ್ಟುಕೊಂಡರೆ ಮೂಲ ಬದಲಾದಾಗ ಎಲ್ಲಿ ಬದಲಾಯಿತೆಂದು ಹುಡುಕುತ್ತ ಕೂರಬೇಕು. 'ಪಿಒ4ಎ' ಬಳಸಿ. ಅದು ಪುಟವನ್ನು ಪ್ಯಾರಾ ಪ್ಯಾರಾ ಒಡೆದು ಪಿಒ ಕಡತ (ಮೂಲವನ್ನೂ ಅನುವಾದವನ್ನೂ ಜೋಡಿಯಾಗಿ ಇಡುವ ಕಡತ) ಮಾಡುತ್ತದೆ. ಮೂಲದ ಪ್ಯಾರಾ ಬದಲಾದರೆ ಅದಷ್ಟೇ 'ಫಜಿ' (ಮತ್ತೆ ನೋಡಬೇಕಾದದ್ದು) ಎಂದು ಗುರುತಾಗುತ್ತದೆ. ಇದರಲ್ಲೊಂದು ಮಿತಿ ಇದೆ: ಅನುವಾದ 80 ಶೇಕಡಾಕ್ಕಿಂತ ಕಡಿಮೆ ಇದ್ದರೆ ಪಿಒ4ಎ ಆ ಭಾಷೆಯ ಪುಟವನ್ನು ತಯಾರಿಸುವುದೇ ಇಲ್ಲ. ಹೊಸ ಆವೃತ್ತಿ ಬಂದಾಗ ಕನ್ನಡ ಪುಟ ಇದ್ದಕ್ಕಿದ್ದಂತೆ ಮಾಯವಾಯಿತೆಂದು ಗಾಬರಿಯಾಗುವವರಿಗೆ ಬಹುತೇಕ ಇದೇ ಕಾರಣ. 'ಕೀಪ್' ಆಯ್ಕೆಯಿಂದ ಮಿತಿ ಇಳಿಸಬಹುದು, ಆದರೆ ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಪುಟಕ್ಕಿಂತ ಉಳಿದ ಪ್ಯಾರಾಗಳನ್ನು ಮುಗಿಸುವುದು ಒಳಿತು. ಕೆಲವು ಟರ್ಮಿನಲ್ಲುಗಳು ಒತ್ತಕ್ಷರಗಳನ್ನು ಬಿಡಿಸಿ ತೋರಿಸುತ್ತವೆ. ಅದು ಟರ್ಮಿನಲ್ಲಿನ ಕೊರತೆ, ನಿಮ್ಮ ಅನುವಾದದ್ದಲ್ಲ.

ಪ್ರಶ್ನೆ: '2.0ಆರ್‌ಸಿ1' ಆವೃತ್ತಿಯನ್ನು ಪ್ಯಾಕೇಜು ಮಾಡಿದ್ದೆ. ಈಗ 2.0 ಬಿಡುಗಡೆಯಾಗಿದೆ, ಆದರೆ ಅಪ್‌ಗ್ರೇಡ್ ಮಾಡಿದರೆ ಯಾರಿಗೂ ಬರುತ್ತಿಲ್ಲ.
— ಮಂಗಳೂರಿನ ಓದುಗರು

ಉತ್ತರ: ಪ್ಯಾಕೇಜು ಇನ್‌ಸ್ಟಾಲ್ ಮಾಡುವ ಉಪಕರಣವಾದ ಡಿಪಿಕೆಜಿ ಲೆಕ್ಕದಲ್ಲಿ 2.0ಆರ್‌ಸಿ1 ಅನ್ನುವುದು 2.0ಕ್ಕಿಂತ ದೊಡ್ಡದು, ಯಾಕೆಂದರೆ 2.0 ಆದಮೇಲೆ ಇನ್ನೂ ಏನೋ ಇದೆ. ಪರೀಕ್ಷಾ ಆವೃತ್ತಿಯನ್ನು 2.0~ಆರ್‌ಸಿ1 ಎಂದು ಬರೆಯಬೇಕಿತ್ತು. ~ ಚಿಹ್ನೆಯೊಂದೇ 'ಏನೂ ಇಲ್ಲ' ಎನ್ನುವುದಕ್ಕಿಂತಲೂ ಚಿಕ್ಕದಾಗಿ ನಿಲ್ಲುವುದು.

ಈಗ ಮೇಲೆ ಎಪಾಕ್ (ಆವೃತ್ತಿಯ ಉಳಿದ ಭಾಗಕ್ಕಿಂತ ಮೊದಲು ಹೋಲಿಕೆಗೆ ಬರುವ ಸಂಖ್ಯೆ) ಹಾಕಿ '1:2.0' ಮಾಡಲು ಕೈ ತುರಿಸುತ್ತದೆ. ತಡೆಯಿರಿ. ಎಪಾಕ್ ಒಮ್ಮೆ ಹತ್ತಿದರೆ ಆ ಪ್ಯಾಕೇಜು ಇರುವವರೆಗೂ ಇಳಿಯುವುದಿಲ್ಲ, ಆವೃತ್ತಿ ನೋಡಿ ಅವಲಂಬನೆ ಬರೆದ ಇತರರೆಲ್ಲ ಅದನ್ನು ನೆನಪಿಡಬೇಕು. ಹೋಲಿಕೆಯಲ್ಲಿ ಅಕ್ಷರಗಳು ಚುಕ್ಕಿ, + ಮುಂತಾದವಕ್ಕಿಂತ ಚಿಕ್ಕವು. ಹಾಗಾಗಿ 2.0.1 ತಾನಾಗಿಯೇ 2.0ಆರ್‌ಸಿ1ಕ್ಕಿಂತ ದೊಡ್ಡದು. ಮೂಲ ತಂಡ (ತಂತ್ರಾಂಶವನ್ನು ಬರೆಯುವವರು) ಬೇಗನೆ 2.0.1 ಬಿಡುವುದಿದ್ದರೆ ಕಾಯುವುದು ಲೇಸು. ಯಾವ ಸಂಖ್ಯೆ ಇಟ್ಟರೂ ಅಪ್‌ಲೋಡಿಗೆ ಮುಂಚೆ 'ಡಿಪಿಕೆಜಿ'ಯ 'ಕಂಪೇರ್-ವರ್ಷನ್ಸ್' ಆಯ್ಕೆಯಿಂದ ಹೋಲಿಸಿ ನೋಡಿ. ಹೊಸ ಆವೃತ್ತಿಯನ್ನು ಎಲ್ಲಿ ಹುಡುಕಬೇಕೆಂದು ಹೇಳುವ ವಾಚ್ ಕಡತದಲ್ಲಿ 'ಯುವರ್ಷನ್‌ಮ್ಯಾಂಗಲ್' ಸೇರಿಸಿ, ಆರ್‌ಸಿ, ಬೀಟಾ, ಆಲ್ಫಾ ಪದಗಳ ಹಿಂದೆ ~ ಕೂಡಿಸುವಂತೆ ಹೇಳಿದರೆ ಮುಂದಿನ ಸಲ ಅದನ್ನು ಓದುವ 'ಯುಸ್ಕ್ಯಾನ್' ತಾನೇ ಸರಿಯಾದ ಹೆಸರಿನಲ್ಲಿ ತರುತ್ತದೆ.

ಪ್ರಶ್ನೆ: ಬೇರೆಯವರು ಬಿಟ್ಟುಹೋದ ಪ್ಯಾಕೇಜೊಂದನ್ನು ವಹಿಸಿಕೊಂಡಿದ್ದೇನೆ. ಹನ್ನೊಂದು ಪ್ಯಾಚುಗಳಿವೆ. ಯಾವುದು ಏಕೆ ಎಂದು ಎಲ್ಲೂ ಬರೆದಿಲ್ಲ. ಹೊಸ ಆವೃತ್ತಿಗೆ ನಾಲ್ಕು ಅಂಟುತ್ತಿಲ್ಲ. ತೆಗೆದುಹಾಕಲೆ?
— ಪುಣೆಯಿಂದ ಒಬ್ಬ ಕನ್ನಡಿಗ ಓದುಗರು

ಉತ್ತರ: ಅಂಟಲಿಲ್ಲವೆಂದು ತೆಗೆಯುವುದೂ ತಪ್ಪು, ಅಂಟಿತೆಂದು ಉಳಿಸಿಕೊಳ್ಳುವುದೂ ತಪ್ಪು. ಒಂದೊಂದನ್ನೂ ವಿಚಾರಣೆ ಮಾಡಬೇಕು.

ಮೊದಲು ಕಾರಣ ಹುಡುಕಿ. ಚೇಂಜ್‌ಲಾಗಿನಲ್ಲಿ ಪ್ಯಾಚಿನ ಕಡತದ ಹೆಸರು ಹುಡುಕಿ, ಅದು ಮೊದಲು ಬಂದ ಆವೃತ್ತಿಯ ಕೆಳಗೆ 'ಕ್ಲೋಸಸ್' ಎಂದು ದೋಷಸಂಖ್ಯೆ ಇದ್ದರೆ ಡೆಬಿಯನ್ ದೋಷಪಟ್ಟಿಯಲ್ಲಿ ಅದನ್ನು ತೆರೆದು ಓದಿ. ಸಿಗದಿದ್ದರೆ ಮೂಲ ತಂಡದ ಗಿಟ್ ಇತಿಹಾಸದಲ್ಲಿ ಅದೇ ಸಾಲುಗಳನ್ನು ಯಾರು ಯಾವಾಗ ಮುಟ್ಟಿದರು ನೋಡಿ. ಹೊಸ ಆವೃತ್ತಿಯಲ್ಲಿ ಅದೇ ತಿದ್ದುಪಡಿ ಸೇರಿದ್ದರೆ ಪ್ಯಾಚು ತೆಗೆಯಬಹುದು.

ಉಳಿಸಬೇಕಾದದ್ದಕ್ಕೆ, ಪ್ಯಾಚುಗಳನ್ನು ಸಾಲಾಗಿ ಅಂಟಿಸುವ ಉಪಕರಣವಾದ 'ಕ್ವಿಲ್ಟ್' ಹಿಡಿಯಿರಿ. 'ಕ್ವಿಲ್ಟ್ ಪುಶ್' ಸೋತ ಕಡೆ 'ಪುಶ್ -ಎಫ್' ಕೊಟ್ಟರೆ ಅಂಟುವಷ್ಟು ಅಂಟಿ, ಉಳಿದದ್ದು '.ರೆಜ್' ಕಡತಕ್ಕೆ ಬೀಳುತ್ತದೆ. ಅದನ್ನು ನೋಡಿ ಕೈಯಾರೆ ತಿದ್ದಿ 'ಕ್ವಿಲ್ಟ್ ರಿಫ್ರೆಶ್' ಮಾಡಿ. ಅಂಟಿದ ಏಳನ್ನೂ ಒಮ್ಮೆ ರಿಫ್ರೆಶ್ ಮಾಡಿಬಿಡಿ. ಅಕ್ಕಪಕ್ಕದ ಸಾಲುಗಳು ಸ್ವಲ್ಪ ಬದಲಾಗಿದ್ದರೂ ಕ್ವಿಲ್ಟ್ 'ಫಜ್' ಎಂದು ಹೇಳಿ ಅಂಟಿಸುತ್ತದೆ, ಸೋರ್ಸು ಪ್ಯಾಕೇಜನ್ನು ಕಟ್ಟುವ, ಬಿಚ್ಚುವ ಡಿಪಿಕೆಜಿ-ಸೋರ್ಸ್ ಮಾತ್ರ ಫಜ್ ಇದ್ದರೆ ಒಪ್ಪುವುದಿಲ್ಲ. ಅದು ಹಾಗೆ ಕಟ್ಟುನಿಟ್ಟಾಗಿರುವುದು ಸರಿಯೇ. ಒಂದೇ ಥರದ ಎರಡು ಫಂಕ್ಷನ್ನುಗಳಿದ್ದಾಗ ಫಜ್‌ನಿಂದ ಅಂಟಿದ ಪ್ಯಾಚು ಪಕ್ಕದ ಫಂಕ್ಷನ್ನಿಗೆ ಹೋಗಿ ಕೂರಬಹುದು.

ಆಮೇಲೆ ಪ್ರತಿ ಪ್ಯಾಚಿನ ತಲೆಯಲ್ಲಿ ಡೆಪ್-3 (ಪ್ಯಾಚಿನ ವಿವರಕ್ಕೆ ಡೆಬಿಯನ್ನಿನ ಮಾದರಿ) ಕ್ರಮದ ವಿವರ ಬರೆಯಿರಿ: ಏನು ಮತ್ತು ಏಕೆ ಎಂಬ 'ಡಿಸ್ಕ್ರಿಪ್ಷನ್', ಬರೆದವರ ಹೆಸರಿಗೆ 'ಆಥರ್', ದೋಷದ ಕೊಂಡಿಗೆ 'ಬಗ್-ಡೆಬಿಯನ್', ಮೂಲ ತಂಡಕ್ಕೆ ಕಳಿಸಿದ್ದರ ಕೊಂಡಿ ಅಥವಾ ಕಳಿಸುವ ಅಗತ್ಯವಿಲ್ಲವೆಂಬ 'ಫಾರ್ವರ್ಡೆಡ್', ಕೊನೆಗೆ ದಿನಾಂಕ.

ಇಷ್ಟು ಬರವಣಿಗೆ ಅತಿಯಾಯಿತು ಅನ್ನಿಸಿದರೆ 2008ರ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿಯ ಲೈಬ್ರರಿ) ಪ್ರಕರಣ ನೆನೆಯಿರಿ. 2006ರಲ್ಲಿ ಅದರ ಡೆಬಿಯನ್ ಪ್ಯಾಕೇಜಿಗೆ ಒಂದು ಪುಟ್ಟ ತಿದ್ದುಪಡಿ ಸೇರಿತು. ಮೆಮೊರಿ ಬಳಕೆಯ ತಪ್ಪು ಹುಡುಕುವ ವ್ಯಾಲ್‌ಗ್ರೈಂಡ್ ಎಂಬ ಉಪಕರಣ ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸುವುದು ಅದರ ಉದ್ದೇಶ. ತೆಗೆದ ಸಾಲುಗಳಲ್ಲಿ ಒಂದು, ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಬೀಜವನ್ನು ಬೆರೆಸುವ ಸಾಲಾಗಿತ್ತು. ಅದು ಹೋದಮೇಲೆ ಬೀಜವಾಗಿ ಉಳಿದದ್ದು ಪ್ರೊಸೆಸ್ ಸಂಖ್ಯೆ ಮಾತ್ರ. ಅದರ ಸಾಧ್ಯತೆ 32,768. ಎಷ್ಟೇ ಉದ್ದದ ಕೀ ಕೇಳಿದರೂ ಅದು ಅಷ್ಟರಲ್ಲೇ ಒಂದು. 2008ರ ಮೇ 13ರಂದು ವಿಷಯ ಹೊರಬಿದ್ದಾಗ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಆ ಅವಧಿಯಲ್ಲಿ ಮಾಡಿದ ಎಸ್‌ಎಸ್‌ಎಚ್ ಕೀ, ಪ್ರಮಾಣಪತ್ರ ಎಲ್ಲವನ್ನೂ ಬಿಸಾಡಿ ಹೊಸದಾಗಿ ಮಾಡಬೇಕಾಯಿತು. ಎಚ್ಚರಿಕೆಯ ಬಗ್ಗೆ ಮೂಲ ತಂಡದ ಪಟ್ಟಿಯಲ್ಲಿ ಪ್ರಶ್ನೆ ಕೇಳಲಾಗಿತ್ತು, ಆದರೆ ಪ್ಯಾಕೇಜಿಗೆ ಸೇರಿದ ಪ್ಯಾಚು ಪೂರ್ತಿಯಾಗಿ ಅವರ ಪರಿಶೀಲನೆಗೆ ಹೋಗಿರಲಿಲ್ಲ. 'ಫಾರ್ವರ್ಡೆಡ್' ಸಾಲನ್ನು ಖಾಲಿ ಬಿಡಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಪ್ರಶ್ನೆ: ಒಂದೇ ಸೋರ್ಸನ್ನು ನಾನೂ ಗೆಳೆಯನೂ ಬಿಲ್ಡ್ ಮಾಡಿದೆವು. ಇಬ್ಬರ ಡೆಬ್ ಕಡತದ ಷಾ256 ಮೊತ್ತ (ಕಡತದ ಬೆರಳಚ್ಚಿನಂಥ ಸಂಖ್ಯೆ) ಬೇರೆ ಬೇರೆ ಬಂತು. ನನ್ನ ಕಂಪ್ಯೂಟರಿನ ಭಾಷೆ ಕನ್ನಡ, ಅವನದು ಇಂಗ್ಲಿಷ್. ಅದೂ ಕಾರಣವೆ?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಇರಬಹುದು, ಬಹಳ ಒಳ್ಳೆಯ ಗುಮಾನಿ. ಭಾಷೆ ಕನ್ನಡವಾಗಿದ್ದರೆ 'ಡೇಟ್' ಕಮಾಂಡು ತಿಂಗಳ ಹೆಸರನ್ನು 'ಜನವರಿ' ಎಂದು ಕನ್ನಡದಲ್ಲೇ ಕೊಡುತ್ತದೆ. ಸ್ಕ್ರಿಪ್ಟು ಅದನ್ನು ಕೈಪಿಡಿಯ ಕೊನೆಗೆ ಸೇರಿಸಿದರೆ ಅಲ್ಲಿಗೆ ಎರಡು ಕಡತ ಬೇರೆಯಾದವು. 'ಸಾರ್ಟ್' ಕೂಡ ಭಾಷೆಗೆ ತಕ್ಕಂತೆ ಕ್ರಮ ಬದಲಿಸುತ್ತದೆ. ಕಂಪೈಲರಿನ ಸಂದೇಶದಲ್ಲಿ ಇಂಗ್ಲಿಷ್ ಪದ ಹುಡುಕುವ ಸ್ಕ್ರಿಪ್ಟು, ಸಂದೇಶ ಬೇರೆ ಭಾಷೆಯಲ್ಲಿ ಬಂದರೆ ದಾರಿ ತಪ್ಪುತ್ತದೆ. ರೂಲ್ಸ್ ಕಡತದ ಮೇಲ್ಭಾಗದಲ್ಲಿ ಭಾಷೆ ಯಾವುದೆಂದು ಹೇಳುವ 'ಎಲ್‌ಸಿ_ಆಲ್' ಬೆಲೆಯನ್ನು 'ಸಿ.ಯುಟಿಎಫ್-8' ಎಂದು ಎಕ್ಸ್‌ಪೋರ್ಟ್ ಮಾಡಿದರೆ ಇದಿಷ್ಟೂ ಒಂದೇ ಏಟಿಗೆ ಹೋಗುತ್ತದೆ. ನಿಮ್ಮ ಕಂಪ್ಯೂಟರಿನ ಭಾಷೆ ಬದಲಿಸಬೇಕಿಲ್ಲ.

ಉಳಿದ ಕಾರಣಗಳಲ್ಲಿ ಮೊದಲನೆಯದು ಸಮಯ. 'ಈಗಿನ ಹೊತ್ತು' ಎಂದು ಕೇಳುವ ಪ್ರತಿ ಜಾಗದಲ್ಲೂ 'ಸೋರ್ಸ್_ಡೇಟ್_ಎಪಾಕ್' ವೇರಿಯಬಲ್ಲಿನ ಬೆಲೆ ಬಳಸಿ. ಚೇಂಜ್‌ಲಾಗಿನ ಮೇಲಿನ ನಮೂದಿನ ದಿನಾಂಕದಿಂದ ಡಿಪಿಕೆಜಿ ಅದನ್ನು ತಾನೇ ತುಂಬಿಕೊಡುತ್ತದೆ. ಜಿಸಿಸಿ 7ರಿಂದೀಚೆಗೆ ಕಂಪೈಲರೂ ಅದನ್ನು ಮನ್ನಿಸುತ್ತದೆ. ಕಡತ ಕುಗ್ಗಿಸಲು ಜಿಜಿಪ್ ಬಳಸುವಾಗ '-ಎನ್' ಕೊಡಿ, ಇಲ್ಲದಿದ್ದರೆ ಕಡತದ ಹೆಸರು ಮತ್ತು ಹೊತ್ತು ಒಳಗೆ ಸೇರಿಕೊಳ್ಳುತ್ತವೆ. 'ಫೈಂಡ್' ಕಡತಗಳನ್ನು ಡಿಸ್ಕಿನಲ್ಲಿರುವ ಕ್ರಮದಲ್ಲಿ ಕೊಡುತ್ತದೆ, ಆ ಕ್ರಮ ಯಂತ್ರದಿಂದ ಯಂತ್ರಕ್ಕೆ ಬೇರೆ. ಅದನ್ನು ಸಾರ್ಟ್ ಮೂಲಕ ಹಾಯಿಸಿ. ಬಿಲ್ಡ್ ಮಾಡಿದ ಫೋಲ್ಡರಿನ ಪೂರ್ತಿ ಹಾದಿ ಒಳಗೆ ಉಳಿಯುವುದೂ ಉಂಟು.

ಎಲ್ಲಿ ಬೇರೆಯಾಯಿತೆಂದು ಊಹಿಸಬೇಡಿ. ಎರಡೂ ಡೆಬ್ ಕಡತಗಳನ್ನು 'ಡಿಫೋಸ್ಕೋಪ್'ಗೆ ಕೊಡಿ. ಅದು ಒಳಗಿನ ಟಾರ್, ಅದರೊಳಗಿನ ಜಿಜಿಪ್, ಅದರೊಳಗಿನ ಪುಟದವರೆಗೆ ಬಿಚ್ಚಿ ಬೇರೆಯಾದ ಸಾಲನ್ನೇ ತೋರಿಸುತ್ತದೆ. ಬಿಲ್ಡ್ ಜೊತೆ ಬರುವ 'ಬಿಲ್ಡ್‌ಇನ್ಫೋ' ಕಡತದಲ್ಲಿ ಆಗ ಯಾವ ಪ್ಯಾಕೇಜಿನ ಯಾವ ಆವೃತ್ತಿ ಇತ್ತೆಂದು ಬರೆದಿರುತ್ತದೆ. ಮೊದಲು ಇಬ್ಬರೂ ಅದನ್ನು ಹೋಲಿಸಿ. ಕಂಪೈಲರೇ ಬೇರೆ ಇದ್ದರೆ ಮಿಕ್ಕದ್ದನ್ನು ಹುಡುಕಿ ಫಲವಿಲ್ಲ.

ಪ್ರಶ್ನೆ: ಸೋರ್ಸನ್ನು ಬಿಡುಗಡೆಯ ಟಾರ್ ಕಡತದಿಂದ (ಕಡತಗಳ ಕಟ್ಟಿನಿಂದ) ತೆಗೆದುಕೊಳ್ಳಬೇಕೋ, ಗಿಟ್ ಟ್ಯಾಗಿನಿಂದಲೋ (ಗಿಟ್ ಇತಿಹಾಸದಲ್ಲಿ ಆ ಬಿಡುಗಡೆಗೆ ಇಟ್ಟ ಗುರುತಿನಿಂದಲೋ)?
— ಬೆಳಗಾವಿಯ ಓದುಗರು

ಉತ್ತರ: ಎರಡನ್ನೂ ತಂದು ಹೋಲಿಸಿ. 2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಜಡ್ (ಕಡತ ಕುಗ್ಗಿಸುವ ತಂತ್ರಾಂಶ) ಪ್ರಕರಣದಲ್ಲಿ 5.6.0 ಮತ್ತು 5.6.1 ಟಾರ್ ಕಡತಗಳಲ್ಲಿ 'ಬಿಲ್ಡ್-ಟು-ಹೋಸ್ಟ್' ಎಂಬ ಎಂ4 ಕಡತದ (ಕಾನ್ಫಿಗರ್ ಸ್ಕ್ರಿಪ್ಟು ತಯಾರಿಸಲು ಬಳಸುವ ಕಡತದ) ತಿದ್ದಿದ ಪ್ರತಿ ಇತ್ತು. ಅದು ಗಿಟ್‌ನಲ್ಲಿ ಇರಲಿಲ್ಲ. ಪರೀಕ್ಷೆಗೆಂದು ಇಟ್ಟಿದ್ದ ಸಂಕುಚಿತ ಕಡತಗಳೊಳಗೆ ಅಡಗಿಸಿದ್ದ ಹಿಂಬಾಗಿಲಿನ ಕೋಡನ್ನು ಬಿಲ್ಡ್ ಸಮಯದಲ್ಲಿ ಲೈಬ್ರರಿಗೆ ಸೇರಿಸುವುದು ಅದರ ಕೆಲಸ. ಅದೂ 64 ಬಿಟ್ ಇಂಟೆಲ್ ಮಾದರಿಯ ಲಿನಕ್ಸಿನಲ್ಲಿ, ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜಿಗಾಗಿ ಬಿಲ್ಡ್ ನಡೆಯುತ್ತಿದೆ ಎಂದು ಕಂಡಾಗ ಮಾತ್ರ. ನಮ್ಮಂಥ ಪ್ಯಾಕೇಜುದಾರರನ್ನೇ ಗುರಿಯಿಟ್ಟ ಹೂಟ. ಅದು ಡೆಬಿಯನ್ನಿನ ಅನ್‌ಸ್ಟೇಬಲ್, ಟೆಸ್ಟಿಂಗ್ ಶಾಖೆಗಳಿಗೆ ಬಂದಿತ್ತು, ಸ್ಟೇಬಲ್‌ಗೆ ಬಂದಿರಲಿಲ್ಲ.

ಟಾರ್ ಬಿಚ್ಚಿ, ಗಿಟ್ ಟ್ಯಾಗನ್ನು ಪಕ್ಕದಲ್ಲಿಟ್ಟು 'ಡಿಫ್ -ಆರ್' ಕೊಡಿ. ಕಾನ್ಫಿಗರ್, ಮೇಕ್‌ಫೈಲ್.ಇನ್ ಮುಂತಾದ ಯಂತ್ರ ಬರೆದ ಕಡತಗಳು ಟಾರಿನಲ್ಲಿ ಹೆಚ್ಚಾಗಿ ಇರುವುದು ಸಹಜ. ಅದರಾಚೆ ಒಂದು ಎಂ4 ಸಾಲು ಬೇರೆ ಇದ್ದರೂ ಕಾರಣ ತಿಳಿಯುವವರೆಗೆ ಅಪ್‌ಲೋಡ್ ಮಾಡಬೇಡಿ. ಸಹಿ ಸರಿಯಿದೆ ಎಂಬುದು ಯಾರು ಕಳಿಸಿದರೆಂದು ಹೇಳುತ್ತದೆ, ಒಳಗೇನಿದೆ ಎಂದಲ್ಲ. ಬಿಡುಗಡೆ ಮಾಡುವ ಅಧಿಕಾರ ಇದ್ದವರಿಂದಲೇ ಆ ಟಾರ್ ಕಡತಗಳು ಬಂದಿದ್ದವು. ಹೊಸದಾಗಿ ಶುರುಮಾಡುವ ಪ್ಯಾಕೇಜಿಗೆ ವಾಚ್ ಕಡತದಲ್ಲಿ 'ಮೋಡ್=ಗಿಟ್' ಇಟ್ಟು ಟ್ಯಾಗಿನಿಂದಲೇ ತರುವುದು ನಮ್ಮ ಸಲಹೆ.

ಪ್ರಶ್ನೆ: ಕನ್ನಡ ಫಾಂಟೊಂದನ್ನು ಡೆಬಿಯನ್ನಿಗೆ ಸೇರಿಸಬೇಕೆಂದಿದ್ದೇನೆ. ತಯಾರಾದ ಟಿಟಿಎಫ್ ಕಡತ ಇದೆಯಲ್ಲ, ನಕಲಿಸಿ ಇಟ್ಟರಾಗದೆ? ಬಿಲ್ಡ್ ಸ್ಕ್ರಿಪ್ಟು ಏಕೆ?
— ಫಾಂಟ್ ವಿನ್ಯಾಸಕಿ, ಉಡುಪಿ

ಉತ್ತರ: ಗುಬ್ಬಿ, ನವಿಲು, ಲೋಹಿತ್ ಕನ್ನಡ ಇವು ಈಗಾಗಲೇ ಡೆಬಿಯನ್ನಿನಲ್ಲಿವೆ, 'ಫಾಂಟ್ಸ್-ಕೆಎನ್‌ಡಿಎ' ಎಂಬುದು ಕನ್ನಡ ಫಾಂಟುಗಳನ್ನು ಒಟ್ಟಿಗೆ ತರುವ ಪ್ಯಾಕೇಜು. ನಿಮ್ಮದೂ ಆ ಸಾಲಿಗೆ ಸೇರಲಿ. ತಿದ್ದಲು ನೀವು ತೆರೆಯುವ ಕಡತ ಯಾವುದೋ ಅದೇ ಸೋರ್ಸು. ಅದು ಫಾಂಟ್‌ಫೋರ್ಜ್ ಎಂಬ ಫಾಂಟ್ ತಂತ್ರಾಂಶದ ಎಸ್‌ಎಫ್‌ಡಿ ಆಗಿದ್ದರೆ ಅದರಿಂದಲೇ ಬಿಲ್ಡ್ ಸಮಯದಲ್ಲಿ ಟಿಟಿಎಫ್ ತಯಾರಾಗಬೇಕು. ಹತ್ತು ವರ್ಷದ ಮೇಲೆ ಯಾರೋ ಒಂದು ಒತ್ತಕ್ಷರ ಸರಿಪಡಿಸಬೇಕಾದಾಗ ಅವರ ಕೈಗೆ ಇದೇ ದಾರಿ ಬೇಕು. ಆರ್ಕಿಟೆಕ್ಚರ್ 'ಆಲ್', ಜಾಗ '/ಯುಎಸ್‌ಆರ್/ಶೇರ್/ಫಾಂಟ್ಸ್/ಟ್ರೂಟೈಪ್' ಕೆಳಗೆ. ಇನ್‌ಸ್ಟಾಲ್ ಆದಮೇಲೆ ಫಾಂಟುಗಳ ಪಟ್ಟಿಯನ್ನು ಹೊಸದಾಗಿಸುವ 'ಎಫ್‌ಸಿ-ಕ್ಯಾಶ್' ಓಡಿಸುವ ಸ್ಕ್ರಿಪ್ಟು ಬರೆಯಬೇಡಿ, ಫಾಂಟ್‌ಕಾನ್ಫಿಗ್ ಆ ಫೋಲ್ಡರನ್ನು ಗಮನಿಸಿ ತಾನೇ ಮಾಡುತ್ತದೆ. ಓಎಫ್‌ಎಲ್ ಎಂಬ ಮುಕ್ತ ಫಾಂಟ್ ಪರವಾನಗಿಯಲ್ಲಿ 'ಕಾಯ್ದಿರಿಸಿದ ಹೆಸರು' ಇಟ್ಟಿದ್ದೀರಾ ನೋಡಿಕೊಳ್ಳಿ. ಇಟ್ಟಿದ್ದರೆ ನಿಮ್ಮ ಒಪ್ಪಿಗೆ ಇಲ್ಲದೆ ಪ್ಯಾಚು ಹಾಕಿದವರು ಫಾಂಟಿನ ಹೆಸರನ್ನೇ ಬದಲಿಸಬೇಕಾಗುತ್ತದೆ.

ಪರೀಕ್ಷೆಯನ್ನೂ ಸ್ಕ್ರಿಪ್ಟಿಗೇ ಸೇರಿಸಿ. ಅಕ್ಷರಗಳ ರೂಪ ಜೋಡಿಸುವ ಲೈಬ್ರರಿ ಹಾರ್ಫ್‌ಬಜ್‌ನ 'ಎಚ್‌ಬಿ-ಶೇಪ್' ಕಮಾಂಡಿಗೆ ಫಾಂಟನ್ನೂ ಕೆಲವು ಪದಗಳನ್ನೂ ಕೊಡಿ: ಕ್ಷ, ಜ್ಞ, ಸ್ತ್ರೀ, ಕೃಷ್ಣ, ಅರ್ಕಾವತ್ತಿಗೆ ರ್ಕ, ಅರ್ಕಾವತ್ತಿಲ್ಲದ ರೂಪಕ್ಕೆ ರ‍್ಕ. ಕೊನೆಯದರಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ ಕಾಣದ ಜೋಡಕವೊಂದಿದೆ, ಟೈಪ್ ಮಾಡುವಾಗ ಬಿಟ್ಟರೆ ಎರಡೂ ಒಂದೇ ಆಗುತ್ತವೆ. ಹಳಗನ್ನಡ ಪಠ್ಯಕ್ಕೂ ಫಾಂಟು ಬಳಸುವುದಿದ್ದರೆ 2021ರ ಯೂನಿಕೋಡ್ 14ರಲ್ಲಿ ಸೇರಿದ ನಕಾರ ಪೊಲ್ಲು ೝ ಕೂಡ ಇರಲಿ. ಅಕ್ಷರ ಇಲ್ಲದಿದ್ದರೂ ಎಚ್‌ಬಿ-ಶೇಪ್ ಸೋತೆನೆಂದು ಹೇಳದೆ ಮಾಮೂಲಿಯಾಗಿ ಮುಗಿಯುತ್ತದೆ. ಅದರ ಉತ್ತರದಲ್ಲಿ '.ನಾಟ್‌ಡೆಫ್' ಅಥವಾ 'ಜಿಐಡಿ0' (ಅಕ್ಷರ ಇಲ್ಲವೆಂಬ ಗುರುತು) ಇದೆಯೇ ಎಂದು 'ಗ್ರೆಪ್' ಮಾಡಿ, ಇದ್ದರೆ ಬಿಲ್ಡ್ ಮುರಿಯುವಂತೆ ಬರೆಯಿರಿ.

ಪ್ರಶ್ನೆ: ಕೆಲಸ ಬದಲಾಗುತ್ತಿದೆ, ನನ್ನ ಪ್ಯಾಕೇಜನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು. ಏನೇನು ಬರೆದಿಟ್ಟು ಹೋಗಲಿ?
— ಹುಬ್ಬಳ್ಳಿಯ ಓದುಗರು

ಉತ್ತರ: ಮೂರು ಕಡತಗಳಿಗೆ ಮೂರು ಓದುಗರು. 'ರೀಡ್‌ಮಿ.ಡೆಬಿಯನ್' ಬಳಕೆದಾರರಿಗೆ: ಡೆಬಿಯನ್ನಿನಲ್ಲಿ ಈ ತಂತ್ರಾಂಶ ಬೇರೆಡೆಗಿಂತ ಹೇಗೆ ಭಿನ್ನ. 'ನ್ಯೂಸ್' ಅಪ್‌ಗ್ರೇಡ್ ಮಾಡುವವರಿಗೆ: ಸೆಟ್ಟಿಂಗಿನ ಹೆಸರು ಬದಲಾಗಿದೆ, ಕೈಯಾರೆ ತಿದ್ದಿ ಎಂಬಂಥ ಸುದ್ದಿ ಮಾತ್ರ. 'ರೀಡ್‌ಮಿ.ಸೋರ್ಸ್' ಮುಂದೆ ನೋಡಿಕೊಳ್ಳುವವರಿಗೆ: ಮೂಲ ಟಾರಿನಿಂದ ಯಾವ ಕಡತ ತೆಗೆದಿದ್ದೀರಿ, ಯಾವ ಪರೀಕ್ಷೆ ಯಾವ ಪ್ರೊಸೆಸರಿನಲ್ಲಿ ಬೀಳುತ್ತದೆ, ಯಾವ ಎರಡು ಪ್ಯಾಕೇಜುಗಳನ್ನು ಒಟ್ಟಿಗೇ ಮೇಲೇರಿಸಬೇಕು.

ಚೇಂಜ್‌ಲಾಗಿನಲ್ಲಿ 'ರೂಲ್ಸ್ ತಿದ್ದಿದೆ' ಎಂದರೆ ಯಾರಿಗೂ ಉಪಯೋಗವಿಲ್ಲ, ಡಿಫ್ ನೋಡಿದರೆ ಅದು ಕಾಣುತ್ತದೆ. 'ಪರೀಕ್ಷೆಗಳು ಒಂದೇ ಪೋರ್ಟಿಗೆ ಜಗಳವಾಡುತ್ತಿದ್ದರಿಂದ ಒಂದಾದ ಮೇಲೊಂದು ಓಡಿಸಿದೆ' ಎಂದು ಬರೆಯಿರಿ. ನಮೂದಿನ ಕೊನೆಯ ಸಾಲು ಒಂದು ಸ್ಪೇಸು, ಎರಡು ಗೆರೆ, ಹೆಸರು, ಮೇಲ್, ಆಮೇಲೆ ಎರಡು ಸ್ಪೇಸು ಬಿಟ್ಟು ದಿನಾಂಕ. ಅಲ್ಲಿ ಒಂದೇ ಸ್ಪೇಸು ಇದ್ದರೆ ಓದುವ ಉಪಕರಣ ತಕರಾರು ಮಾಡುತ್ತದೆ. ದಿನಾಂಕವನ್ನು ಚೇಂಜ್‌ಲಾಗ್ ತಿದ್ದುವ 'ಡಿಸಿಎಚ್' ಕಮಾಂಡು ತುಂಬಲಿ, ಕೈಯಾರೆ ಬರೆಯುವುದಾದರೆ 'ಡೇಟ್ -ಆರ್'ನಲ್ಲಿ ದೊಡ್ಡ ಆರ್ ಕೊಟ್ಟು ತೆಗೆದುಕೊಳ್ಳಿ. ಕಂಪ್ಯೂಟರಿನ ಭಾಷೆ ಕನ್ನಡವಾಗಿದ್ದರೂ ಅದು ತಿಂಗಳನ್ನು ಇಂಗ್ಲಿಷಿನಲ್ಲೇ, ಸಮಯವಲಯವನ್ನು +0530 ಎಂದೇ ಕೊಡುತ್ತದೆ.

ಒಪ್ಪಿಸುವ ರೀತಿ: ಯಾರಾದರೂ ಬರುವವರೆಗೆ ನೀವೇ ನೋಡಿಕೊಳ್ಳುವುದಾದರೆ ಡಬ್ಲ್ಯುಎನ್‌ಪಿಪಿ ಎಂಬ ಹುಸಿ ಪ್ಯಾಕೇಜಿನ ಹೆಸರಿನಲ್ಲಿ 'ಆರ್‌ಎಫ್‌ಎ' (ವಹಿಸಿಕೊಳ್ಳಿ ಎಂಬ ಕೋರಿಕೆ) ದೋಷವರದಿ ಹಾಕಿ. ಇಂದೇ ಬಿಡುವುದಾದರೆ 'ಓ' (ಅನಾಥವಾಗಿದೆ ಎಂಬ) ವರದಿ ಹಾಕಿ, ಮೇಂಟೇನರ್ ಸಾಲಿನಲ್ಲಿ ಡೆಬಿಯನ್ ಕ್ಯೂಎ (ಗುಣಮಟ್ಟ) ಗುಂಪಿನ ಹೆಸರಿಟ್ಟು ಕೊನೆಯ ಅಪ್‌ಲೋಡ್ ಮಾಡಿ. ವಹಿಸಿಕೊಳ್ಳುವವರು ಆ ವರದಿಯ ಶೀರ್ಷಿಕೆಯನ್ನು 'ಐಟಿಎ' (ವಹಿಸಿಕೊಳ್ಳುವ ಉದ್ದೇಶವಿದೆ) ಎಂದು ಬದಲಿಸುತ್ತಾರೆ. ಅವರ ಮೊದಲ ಅಪ್‌ಲೋಡಿನ ಚೇಂಜ್‌ಲಾಗಿನಲ್ಲಿ ವರದಿಯ ಸಂಖ್ಯೆಯನ್ನು 'ಕ್ಲೋಸಸ್' ಎಂದು ಬರೆದರೆ ಅದು ತಾನಾಗಿಯೇ ಮುಚ್ಚುತ್ತದೆ.